ಎಡ ಮಗ್ಗುಲು

ಮೊದಲ ಏಟು ವಸಂತಿಯ ಬಲ ಭುಜಕ್ಕೆ ಬಿತ್ತು. ಬೀಳುವ ಮೊದಲೇ ಅವಳು ತಿರುಗಿಯಾಗಿತ್ತು. ಗಂಡ ರಮಾನಾಥನದು ಬಲಗೈ; ಎದುರು ನಿಂತರೆ ಅವನ ಏಟು ಬೀಳುವುದು ಅವಳ ಎಡಕ್ಕೆ. ಎಡವನ್ನು ಗೋಡೆಗೆ ಒತ್ತಿ ಬಲವನ್ನು ಅವನಿಗೆ ಒಡ್ಡುವುದನ್ನು ಈ ನಾಲ್ಕು ವಾರಗಳಲ್ಲಿ ಅವಳು ಕಲಿತಿದ್ದಳು.

ನಾಳೆ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿರಬೇಕು. ಎಡ ಮೊಲೆಯ ಆಪರೇಶನ್. ಕೊನೆಯ ಕಿಮೋ ಮುಗಿದು ತಿಂಗಳಾಗಿತ್ತು. ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದಳು: ಆ ಬದಿಯ ಚರ್ಮಕ್ಕೆ ಒಂದು ಗೀರೂ ಆಗಬಾರದು. ಗಾಯವಾಗಿ ಕೀವು ಕಟ್ಟಿದರೆ ತಾರೀಕು ಮುಂದೆ ಹೋಗುತ್ತದೆ, ಮುಂದೆ ಹೋದರೆ ಕುಗ್ಗಿದ ಗಡ್ಡೆ ಮತ್ತೆ ತಲೆಯೆತ್ತುತ್ತದೆ. ಬಗಲ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ ಎಂದಾಗ ವಸಂತಿಗೆ ನಗು ಬಂದಿತ್ತು. ಕಿಮೋ ಕೂದಲು ಉಳಿಸಿದ್ದರೆ ತಾನೆ?

ರಮಾನಾಥ ಮುಂಬಯಿಯ ಭಾಂಡುಪ್ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ದೋಸೆ ಕಾವಲಿಯ ಮುಂದೆ ನಿಂತವನು. ಕುಡಿಯುವವನಲ್ಲ. ಕಾಯಿಲೆಯ ಹೆಸರು ಕೇಳಿದ ದಿನ ಚಾಳಿನ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತಿದ್ದ. ಊರಿನ ದೈವಕ್ಕೆ ಹರಕೆ ಹೊತ್ತಿದ್ದ. ಮೂರನೆಯ ಕಿಮೋ ಆದ ಮೇಲೆ ಗಡ್ಡೆ ಕೈಗೆ ಸಿಗದಾದಾಗ ಅವನೇ ಬೆರಳಿಟ್ಟು ಹುಡುಕಿ ನೋಡಿದ, ಮತ್ತೆ ಹುಡುಕಿದ, ಆಮೇಲೆ ರಜೆ ಹಾಕಿ ಊರಿಗೆ ಹೋಗಿ ಹರಕೆ ಸಲ್ಲಿಸಿದ. ಕಾಯಿಲೆ ಹೋಯಿತು, ಇನ್ನು ಅವಳ ಮೈಗೆ ಕತ್ತಿ ತಾಗಿಸುವುದಿಲ್ಲ ಎಂದು ದೈವದ ಎದುರು ಹೇಳಿ ಬಂದ. ಆಪರೇಶನ್ನಿನ ಚೀಟಿ ಕೈಗೆ ಬಂದ ದಿನದಿಂದ ಏಟು ಶುರುವಾಗಿತ್ತು.

“ಕರಗಿ ಹೋದದ್ದನ್ನು ಕೊಯ್ಲಿಕ್ಕೆ ಅಲ್ಲಿ ಎಂಥ ಉಂಟು?” ಎಂದ ಅವನು. “ಮಾತು ಕೊಟ್ಟು ಬಂದವ ನಾನು. ನನ್ನ ನಾಲಿಗೆಗೆ ಬೆಲೆ ಇಲ್ವಾ?”

“ಕೈಗೆ ಸಿಗುದಿಲ್ಲ ಅಷ್ಟೆ. ಒಳಗೆ ಉಂಟಂತೆ.”

“ದೈವಕ್ಕಿಂತ ಡಾಕ್ಟ್ರು ದೊಡ್ಡವಳಾ ನಿಂಗೆ?”

ವಸಂತಿಯೂ ದೈವವನ್ನು ನಂಬಿದವಳೇ. ಪ್ರಸಾದದ ಗಂಧವನ್ನು ದಿನಾ ಆ ಜಾಗಕ್ಕೆ ಹಚ್ಚಿಕೊಂಡವಳು. “ಕತ್ತಿ ಬೇಡ ಅಂತ ದೈವ ಹೇಳಿದ್ದು ನಾನು ಕೇಳ್ಲಿಲ್ಲ,” ಎಂದಳು. “ನೀವು ಹೇಳಿದ್ದು ಮಾತ್ರ ಕೇಳಿದ್ದು.”

ಅವನ ಉಸಿರು ನಿಂತಿತು.

ಅವಳ ಅಪ್ಪ ಮುಸ್ಸಂಜೆ ದೀಪದ ಮುಂದೆ ಪದ್ಯ ಓದುತ್ತಿದ್ದ. ಅವನು ಎಲ್ಲಿ ಉಸಿರು ಹಿಡಿಯುತ್ತಾನೆ ಎಂದು ಕಾದು ಕೂತು ಬೆಳೆದ ಕಿವಿ ಅವಳದು. ಉಸಿರು ಹಿಡಿದಲ್ಲಿ ಪದ್ಯ ಏರುತ್ತಿತ್ತು. ಈ ಕೋಣೆಯಲ್ಲಿ ಉಸಿರು ಹಿಡಿದಲ್ಲಿ ಏಟು ಬರುತ್ತಿತ್ತು. ಅವಳು ತಿರುಗಿದಳು. ಕಿವಿಯ ಹಿಂದೆ ಬಿತ್ತು. ಬೋಳುತಲೆ ಗೋಡೆಗೆ ಬಡಿಯಿತು. ಇನ್ನೊಂದು ಪಕ್ಕೆಲುಬಿಗೆ. ಎಲ್ಲವೂ ಬಲಕ್ಕೇ.

ಆಗ ಅವನಿಗೆ ಅರ್ಥವಾದಂತಿತ್ತು. ಹೊಡೆಯುವುದನ್ನು ನಿಲ್ಲಿಸಿ, ಅವಳು ಗೋಡೆಗೆ ಒತ್ತಿ ಬಚ್ಚಿಟ್ಟಿದ್ದ ಎಡತೋಳಿಗೆ ಕೈ ಹಾಕಿದ.

ಮದುವೆಯಾದ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೈಯೆತ್ತದ ವಸಂತಿ ಬಗ್ಗಿ ಅವನ ಮಣಿಕಟ್ಟನ್ನು ಕಚ್ಚಿದಳು. ಕಿಮೋಗೆ ಹುಣ್ಣಾಗಿ ಅನ್ನ ನುಂಗಲಾಗದೆ ಗಂಜಿ ಕುಡಿದ ಬಾಯಿ ಅದು. ಅವನು ಇನ್ನೊಂದು ಕೈಯಿಂದ ಗುದ್ದಿದ, ನೆತ್ತಿಗೆ, ಬೆನ್ನಿಗೆ. ಅವಳು ಬಿಡಲಿಲ್ಲ. ಹಲ್ಲಿನ ಕೆಳಗೆ ನರ ಜಾರಿದ್ದು ತಿಳಿಯಿತು, ಬಿಸಿಯಾದ ಉಪ್ಪು ಬಾಯಿಗೆ ಬಂತು. ಬೆರಳುಗಳು ತೋಳನ್ನು ಬಿಟ್ಟ ಮೇಲೆಯೇ ಅವಳು ಬಾಯಿ ಬಿಟ್ಟದ್ದು.

ನಲ್ಲಿಯಿಂದ ಕೊಡ ತುಂಬಿಸಿ ಬಂದ ಮಗಳು ಯಕ್ಷಿತಾ ಕೊಡವನ್ನು ಹೊಸ್ತಿಲಲ್ಲೇ ಕುಕ್ಕಿದಳು. ಅಪ್ಪನ ಕೈಯಿಂದ ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಏನೂ ಕೇಳದೆ ಅಮ್ಮನ ಎಡಕ್ಕೆ ಬಂದು ನಿಂತಳು. “ಬಸ್, ಪಪ್ಪಾ, ಸಾಕು,” ಎಂದಳು. “ಮಾರ್‌ನಾ ಹೈ ತೋ ನಂಗೆ ಹೊಡಿರಿ. ಅಮ್ಮಂಗೆ ಈ ಸೈಡ್ ನಹೀ.”

ರಮಾನಾಥ ಕೈಯನ್ನೇ ನೋಡುತ್ತ ಕೂತುಬಿಟ್ಟ. “ನಾಯಿ ಹಾಗೆ ಕಚ್ಚಿದ್ಯಲ್ಲ ಮಾರಾಯ್ತಿ,” ಎಂದ. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

ವಸಂತಿ ಬಾಯಿ ಮುಕ್ಕಳಿಸಿ ಉಗಿದು, ಆಪರೇಶನ್ನಿನ ಮೊದಲು ಮೀಯಲು ಆಸ್ಪತ್ರೆಯವರು ಕೊಟ್ಟ ಕೆಂಪು ಔಷಧದ ಬಾಟಲಿ ಹಿಡಿದು ಬಚ್ಚಲಿಗೆ ಹೋದಳು. ಯಕ್ಷಿತಾ ಮೊಬೈಲಿನ ಬೆಳಕು ಬಿಟ್ಟು ಎಡತೋಳನ್ನು ಇಂಚಿಂಚಾಗಿ ನೋಡಿದಳು. ನಾಲ್ಕು ಬೆರಳಿನ ಕೆಂಪು ಮೂಡಿತ್ತು, ಉಗುರು ಇಳಿದಿರಲಿಲ್ಲ. ಮಿಂದು ಮುಗಿಯುವಷ್ಟರಲ್ಲಿ ಆ ಕೆಂಪೂ ಮಾಸಿತು.

ಬೆಳಿಗ್ಗೆ ವಾರ್ಡಿನಲ್ಲಿ ಪರದೆ ಎಳೆದು ಸಿಸ್ಟರ್ ಗೌನಿನ ದಾರ ಬಿಚ್ಚಿದಳು. ಎಡವನ್ನು ಬಗಲಿನಿಂದ ಮೊಣಕೈವರೆಗೆ ಒತ್ತಿ ನೋಡಿ, ಚರ್ಮ ಚೆನ್ನಾಗಿದೆ ಎಂದು ಕಾಗದದ ಮೇಲೆ ಗುರುತು ಹಾಕಿದಳು. ಆಮೇಲೆ ಗೌನು ಇನ್ನೊಂದು ಕಡೆ ಜಾರಿತು. ಭುಜದಿಂದ ಸೊಂಟದವರೆಗೆ ಹಳೆಯದು ಹಳದಿಯಾಗಿ, ನಡುವಿನದು ಹಸಿರಾಗಿ, ನಿನ್ನೆಯದು ನೇರಳೆಯಾಗಿ ಕೂತಿತ್ತು. ಸಿಸ್ಟರ್ ಪೆನ್ನು ಇಳಿಸಿ ಯಕ್ಷಿತಾಳ ಮುಖ ನೋಡಿ, ಇದೇನು ಎಂದು ಮರಾಠಿಯಲ್ಲಿ ಕೇಳಿದಳು.

ಮಗಳು ಬಾಯಿ ತೆರೆಯುವ ಮೊದಲೇ ವಸಂತಿ ಹೇಳಿದಳು: “ಆಪರೇಶನ್ ಆ ಬದಿಗೆ ಅಲ್ಲ, ಸಿಸ್ಟರ್.”

ಸಿಸ್ಟರ್ ಗೌನನ್ನು ಬಲ ಭುಜಕ್ಕೆ ಎಳೆದು ಮುಚ್ಚಿದಳು. ಮತ್ತೆ ನೀಲಿ ಮಾರ್ಕರಿನ ಮುಚ್ಚಳ ತೆಗೆದು ಎಡ ಮೊಲೆಯ ಮೇಲೆ ಬಾಣದ ಗುರುತು ಬರೆಯತೊಡಗಿದಳು, ನೋವಾಗದ ಹಾಗೆ, ನಿಧಾನವಾಗಿ. ಮಸಿ ತಣ್ಣಗಿತ್ತು. ಒಂದು ಕಲೆಯೂ ಇಲ್ಲದ ಚರ್ಮದ ಮೇಲೆ ಅದು ಬೇಗ ಒಣಗಿತು.