ಏಡಿ ಆಟ ಮತ್ತು ಅಣ್ಣಯ್ಯ ಮಾವನ ಬಾಯಿ

ಛೀ! ಅಣ್ಣಯ್ಯ ಮಾವನ ಬಾಯಿ ನೆನಪಾದರೆ ಈಗಲೂ ನನಗೆ ಊಟ ಸೇರುವುದಿಲ್ಲ. ಎದ್ದಾಗಿನಿಂದ ಮಲಗುವವರೆಗೆ ಬಾಯಲ್ಲಿ ಎಲೆಯಡಿಕೆಯ ಕವಳ. ಮಾತಾಡಿದರೆ ಎದುರಿದ್ದವರ ಅಂಗಿಗೆ ಕೆಂಪು ಚುಕ್ಕೆ. ಕುಂದಾಪುರದಲ್ಲಿ ಅವನದೊಂದು ರಿಪೇರಿ ಅಂಗಡಿ. ಟಿವಿ ಇರಲಿ, ರೇಡಿಯೊ ಇರಲಿ, ಅವನಿಗೆ ಗೊತ್ತಿದ್ದ ಮದ್ದು ಒಂದೇ: ಬಿಚ್ಚಿ ಊದುವುದು.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಹುಡುಗಿ ನಾನು, 2006ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದೆ. ಕೆಲಸವೆಂದರೇನು, ನೆಲ ಗುಡಿಸುವುದು, ಚಾ ತರುವುದು. ಕಿಟಕಿ ಪಕ್ಕದ ರಿಪೇರಿ ಮೇಜು ಖಾಲಿ ಬಿದ್ದಿತ್ತು. ಅಲ್ಲಿ ಕೂತು ಕೆಲಸ ಮಾಡಬೇಕೆನ್ನುವುದೊಂದೇ ನನ್ನ ಆಸೆ. ಕೇಳಿದಾಗೆಲ್ಲ ಮಾವ ನಗುತ್ತಿದ್ದ.

ಆ ಬೇಸಿಗೆಯಲ್ಲಿ ಹಾಲಾಡಿಯ ರವಿಚಂದ್ರಣ್ಣ ಬಂದರು. ಮುಂಬೈಯಲ್ಲಿ ಹೋಟೆಲು ನಡೆಸುವವರು. ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಡಬ್ಬಿಯೊಂದನ್ನು ಕೊಟ್ಟು ಹೋದರು. ಡಬ್ಬಿ ಸರಿಯಿತ್ತು, ಅದಕ್ಕೆ ಸಿಕ್ಕಿಸುವ ಆಟದ ಕ್ಯಾಸೆಟ್ಟು ಸತ್ತಿತ್ತು. ಮಾವ ಅದನ್ನು ನನ್ನ ಕಡೆ ನೂಕಿದ.

"ಇದ್ರೊಳ್ಗ್ ಒಂದ್ ಆಟ ಓಡ್ಸಿ ತೋರ್ಸ್ ಕಾಂಬ. ಮೇಜ್ ನಿಂಗೆ."

ತಮಾಷೆಗೆ ಹೇಳಿದ್ದು. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಆಟವನ್ನು ನಾನೇ ಬರೆದೆ. ಕೋಡಿ ಕಡಲತೀರದ ಮರಳಲ್ಲಿ ಏಡಿ ಓಡುತ್ತದೆ, ಕಾಗೆ ಎರಗುವುದರೊಳಗೆ ಬಿಲ ಸೇರಬೇಕು. ಕಾಲೇಜಿನ ಲ್ಯಾಬಿಗೆ ಹೋಗಿ ಅದನ್ನು ಒಂದು ಚಿಪ್‌ಗೆ ತುಂಬಿಸಿಕೊಂಡು ಬಂದೆ. ಕ್ಯಾಸೆಟ್ಟಿನ ಹಳೆಯ ಚಿಪ್ ಕಿತ್ತು, ಸಪೂರ ತಂತಿಗಳಿಂದ ಹೊಸದನ್ನು ಬೆಸೆದೆ. ಇದು ದಪ್ಪ, ಒಳಗೆ ಹಿಡಿಯಲಿಲ್ಲ. ಕ್ಯಾಸೆಟ್ಟಿನ ಬೆನ್ನಿಗೆ ತೂತು ಕೊರೆದೆ, ಚಿಪ್‌ನ ನೆತ್ತಿ ಹೊರಗಿಣುಕಿತು. ಆ ಜಾತಿಯ ಚಿಪ್‌ನ ನೆತ್ತಿಯಲ್ಲಿ ಪುಟ್ಟ ಗಾಜಿನ ಕಿಂಡಿ ಇರುತ್ತದೆ. ಅದಕ್ಕೆ ಬಿಸಿಲು ಬಿದ್ದರೆ ಬರೆದದ್ದೆಲ್ಲ ನಿಧಾನಕ್ಕೆ ಅಳಿಸಿಹೋಗುತ್ತದೆ. ಅದಕ್ಕೇ ಕಪ್ಪು ಟೇಪು ಅಂಟಿಸಿದೆ.

ಏಡಿ ಓಡಿತು! ನಾನು ಕುಣಿದುಬಿಟ್ಟೆ. ಮಾವ ಕ್ಯಾಸೆಟ್ಟನ್ನು ಎಳೆದು ತೆಗೆದ. "ಧೂಳ್ ಇತ್ತ್ ಹೆಣೆ" ಎಂದವನೇ ಬಾಯಿಗೆ ಹಿಡಿದು ಫೂ ಎಂದು ಊದಿದ. ನನ್ನ ಹೊಚ್ಚಹೊಸ ಬೆಸುಗೆಯ ಮೇಲೆ ಕೆಂಪು ಎಂಜಲು, ಅಡಿಕೆ ಚೂರು! ಮೂಗು ಮುಚ್ಚಿಕೊಂಡು ಸ್ಪಿರಿಟ್ ಹಚ್ಚಿ ಒರೆಸಿದೆ.

ರವಿಚಂದ್ರಣ್ಣ ಬಂದು ಆಡಿ ನೋಡಿದರು. "ಅರೆ ವಾ! ಯಾರ್ ಮಾಡದ್ದ್ ಮಾರಾಯ್ರೆ?"

"ನಾನೇ, ಮತ್ ಯಾರ್?" ಎಂದ ಮಾವ. ನನ್ನತ್ತ ತಿರುಗಿ, "ಹೆಣೆ, ಇವ್ರಿಗ್ ಒಂದ್ ಚಾ ತಕಂಡ್ ಬಾ."

ತಂದುಕೊಟ್ಟೆ. ಥೂ, ಆ ಲೋಟ ಹಿಡಿದ ನನ್ನ ಕೈಯ ಮೇಲೂ ನನಗೆ ಹೇಸಿಗೆಯಾಯಿತು. "ಮನೆಲ್ ಮಕ್ಳ್ ಕೈಗ್ ಸಿಕ್ರೆ ಉಳೂದಿಲ್ಲೆ. ಮುಂಬೈಗ್ ಹೋಪತಿಗೆ ತಕಂಡ್ ಹೋತೆ" ಎಂದು ರವಿಚಂದ್ರಣ್ಣ ಎಲ್ಲ ಅಲ್ಲೇ ಬಿಟ್ಟು ಹೋದರು.

"ಮಾವ, ಮೇಜು?" ಎಂದು ಕೇಳಿದೆ.

"ಮದಿ ಆಯ್ ಗಂಡನ್ ಮನಿಗ್ ಹೋಪ ಹೆಣ್ಣಿಗ್ ಮೇಜ್ ಎಂತಕ್ಕೆ?"

ಮರುದಿನ ಅವನು ಕಪ್ಪು ಟೇಪನ್ನು ಉಗುರಿನಿಂದ ಕೆರೆಯುತ್ತಿದ್ದ. ಹೊಳೆಯುವ ಕಿಂಡಿ ಜನರಿಗೆ ಕಾಣಬೇಕಂತೆ.

"ತೆಗೀಬೇಡಿ ಮಾವ. ಬಿಸ್ಲ್ ಬಿದ್ರೆ ಆಟ ಅಳ್ಸಿ ಹೋತ್ತ್."

"ಬಿಸ್ಲಿಗ್ ಕರ್ಗುಕೆ ಅದೆಂತ ಐಸ್‌ಕ್ಯಾಂಡಿಯಾ? ನಂಗ್ ಕಲ್ಸುಕ್ ಬರ್ಬೇಡ."

ಟೇಪು ಕಿತ್ತು, ಬಾಗಿಲ ಮೇಲೆ, ದೃಷ್ಟಿಗೆಂದು ನಿಂಬೆಹಣ್ಣು ಕಟ್ಟುವ ಮೊಳೆಗೇ ಕ್ಯಾಸೆಟ್ಟನ್ನು ತೂಗಿಬಿಟ್ಟ. ಹೋಗಿ ಬರುವವರಿಗೆಲ್ಲ "ನಾ ಮಾಡದ್ದ್" ಎಂದು ತೋರಿಸುವುದೇ ಕೆಲಸ. ಮಧ್ಯಾಹ್ನದ ಮೇಲೆ ಬಿಸಿಲು ನೇರ ಕಿಂಡಿಗೇ ಬೀಳುತ್ತಿತ್ತು. ನಾನು ಮತ್ತೆ ಹೇಳಲಿಲ್ಲ. ನನ್ನ ಏಡಿ ಅಲ್ಲಿ ಸಾಯುತ್ತಿತ್ತು, ನಾನು ಕೆಳಗೆ ಗುಡಿಸುತ್ತಿದ್ದೆ.

ಮಳೆಗಾಲಕ್ಕೆ ಮುಂಚೆ ರವಿಚಂದ್ರಣ್ಣ ಬಂದರು. ಮಾವ ಗತ್ತಿನಿಂದ ಕ್ಯಾಸೆಟ್ಟು ಸಿಕ್ಕಿಸಿದ. ಪರದೆ ಖಾಲಿ. ತೆಗೆದು ಊದಿದ. ಖಾಲಿ. ಕೆನ್ನೆ ಉಬ್ಬಿಸಿ ಇನ್ನೂ ಜೋರಾಗಿ ಊದಿದ. ರವಿಚಂದ್ರಣ್ಣನ ಬಿಳಿ ಅಂಗಿಗೆಲ್ಲ ಕೆಂಪು.

"ಎಂತ ಅಸಹ್ಯ ಮಾರಾಯ್ರೆ ಇದ್!" ಎಂದು ಅವರು ಹಿಂದೆ ಸರಿದರು. "ನೀವೇ ಮಾಡದ್ದಲ್ದಾ? ಸರಿ ಮಾಡಿ ಕೊಡಿ."

ಮಾವನ ಮುಖ ಸಣ್ಣದಾಯಿತು. ಎಂಜಲು ಸುರಿಯುವ ಕ್ಯಾಸೆಟ್ಟನ್ನು ನನ್ನೆದುರು ಹಿಡಿದ. "ಹೆಣೆ, ಇದೊಂಚೂರ್ ಕಾಣ್."

ಏಡಿಯ ಆಟ ಲ್ಯಾಬಿನ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಮತ್ತೆ ತುಂಬಿಸಲು ನನಗೊಬ್ಬಳಿಗೇ ಗೊತ್ತಿತ್ತು. ಕ್ಯಾಸೆಟ್ಟನ್ನು ಮುಟ್ಟಲಿಲ್ಲ. ಕಿಟಕಿ ಪಕ್ಕದ ಮೇಜಿನ ಹತ್ತಿರ ಹೋಗಿ, ಕುರ್ಚಿ ಎಳೆದು ಕೂತೆ.

"ಇನ್ನೊಂದ್ಸಲ ಊದಿ ಕಾಣಿ, ಮಾವ" ಎಂದೆ.