ಎಲ್ಲಾ ನೆಲದ ಟೈರು

ನಾನು ಒಂದು ಟೈರು. ಬಾಯಿ ಇದ್ದಿದ್ದರೆ ಎಷ್ಟು ಜನರಿಗೆ ಬೈಯುತ್ತಿದ್ದೆನೋ ಗೊತ್ತಿಲ್ಲ. ಈಗ ನೀವು ಕೇಳಲು ಕುಳಿತಿದ್ದೀರಿ, ಬೈಗುಳವನ್ನೆಲ್ಲ ನಿಮ್ಮೆದುರೇ ಇಳಿಸುತ್ತೇನೆ.

ನನ್ನನ್ನು ಹೆತ್ತದ್ದು ಒಂದು ಕಬ್ಬಿಣದ ಅಚ್ಚು. ಹಸಿ ರಬ್ಬರು, ನೂಲಿನ ಪದರ, ಉಕ್ಕಿನ ತಂತಿ ಎಲ್ಲವನ್ನೂ ಸುತ್ತಿ ಆ ಅಚ್ಚಿನ ಬಾಯಿಗೆ ಕೊಟ್ಟು ಬೇಯಿಸಿದರು. ಹೊರಗೆ ಬಂದಾಗ ನನ್ನ ಮೈಮೇಲೆ ದಪ್ಪ ದಪ್ಪ ಗಟ್ಟಿಗಳು, ಅವುಗಳ ನಡುವೆ ಕಾಲುವೆಗಳು. ಡಾಂಬರು ರಸ್ತೆಯ ಸಾದಾ ಟೈರಿನಷ್ಟು ನಾನು ನಯವಲ್ಲ, ಕೆಸರಿಗೆಂದೇ ಮಾಡಿದ ಟೈರಿನಷ್ಟು ಒರಟೂ ಅಲ್ಲ. ಇಬ್ಬರ ನಡುವಿನವನು. ಕಲ್ಲು, ಕೂಳೆ, ಕಚ್ಚಾ ದಾರಿ, ಹೆದ್ದಾರಿ ಎಲ್ಲದರಲ್ಲೂ ತಕ್ಕಮಟ್ಟಿಗೆ ನಡೆಯುತ್ತೇನೆ. 'ತಕ್ಕಮಟ್ಟಿಗೆ' ಎನ್ನುವುದೇ ನನ್ನ ನಿಜವಾದ ಹೆಸರು. ಆದರೆ ಆ ಹೆಸರಿಟ್ಟರೆ ಯಾರು ಕೊಳ್ಳುತ್ತಾರೆ? ನನ್ನ ಪಕ್ಕೆಯ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ 'ಆಲ್ ಟೆರೇನ್' ಎಂದು ಬರೆದರು. ಎಲ್ಲಾ ನೆಲ! ಬರೆದವನು ಎಷ್ಟು ನೆಲ ತುಳಿದಿದ್ದನೋ ದೇವರೇ ಬಲ್ಲ. ನನ್ನನ್ನಂತೂ ಒಂದು ಮಾತು ಕೇಳಲಿಲ್ಲ.

ನಾವು ನಾಲ್ವರು ಒಟ್ಟಿಗೆ ಹುಬ್ಬಳ್ಳಿಯ ಒಂದು ಅಂಗಡಿಗೆ ಬಂದೆವು. ಅಲ್ಲಿಗೆ ಬಂದವನು ವರ್ಧಮಾನ, ಟೈಲ್ಸ್ ಅಂಗಡಿಯ ತರುಣ ಮಾಲೀಕ. ಹೊಸ ಜೀಪು, ಹೊಸ ಕಪ್ಪು ಕನ್ನಡಕ.

"ಗಾಡಿ ಹೆಚ್ಚಾಗಿ ಎಲ್ಲಿ ಓಡತೈತ್ರಿ?" ಎಂದು ಅಂಗಡಿಯವನು ಕೇಳಿದ.

"ಎಲ್ಲಾ ಕಡೆ ಓಡತೈತಿ," ಎಂದ ವರ್ಧಮಾನ. "ಲುಕ್ ಬರಬೇಕು ನೋಡ್ರಿ. ಬಿಳಿ ಅಕ್ಷರ ಹೊರಗ ಕಾಣೂಹಂಗ ಹಾಕ್ರಿ."

ಎಲ್ಲಾ ಕಡೆ! ಮನೆಯಿಂದ ಅಂಗಡಿ, ಅಂಗಡಿಯಿಂದ ಜಿಮ್ಮು, ಭಾನುವಾರ ಬೈಪಾಸಿನ ಢಾಬಾ. ಅವನ ಎಲ್ಲಾ ಕಡೆ ಅಷ್ಟೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯಲ್ಲಿ ನಾನು ಮಲ್ಲಿಗೆ ಹೂವಾದೆ. ಟೈರು ಆರಿಸುವವನು ಕನ್ನಡಿ ನೋಡಬಾರದು, ತಾನು ದಿನವೂ ಓಡಾಡುವ ದಾರಿ ನೋಡಬೇಕು. ಎಷ್ಟು ದೂರ ಡಾಂಬರು, ಎಷ್ಟು ದೂರ ಕಲ್ಲು, ಮಳೆ ಬಂದರೆ ಆ ದಾರಿ ಏನಾಗುತ್ತದೆ, ಗಾಡಿಯಲ್ಲಿ ಎಷ್ಟು ಭಾರ, ಕಂಪನಿ ಹೇಳಿದ ಅಳತೆ ಯಾವುದು. ಇಷ್ಟು ನೋಡಿದರೆ ಮುಗಿಯಿತು. ವರ್ಧಮಾನ ನೋಡಿದ್ದು ಮೊಬೈಲು. ಅಳತೆ ಮೀರಿದ ನಮ್ಮನ್ನೇ ಹಾಕಿಸಿದ. ಸ್ಟೇರಿಂಗು ಪೂರ್ತಿ ತಿರುಗಿಸಿದಾಗಲೆಲ್ಲ ನನ್ನ ಹೆಗಲು ಮಡ್‌ಗಾರ್ಡಿಗೆ ಉಜ್ಜಿ ಸುಡುತ್ತಿತ್ತು.

ಒಂದೇ ಒಂದು ಸಲ ನಮ್ಮನ್ನು ಹಳೆಯ ಕಲ್ಲಿನ ಗಣಿಗೆ ಕರೆದುಕೊಂಡು ಹೋದ. ಗೆಳೆಯನೊಬ್ಬ ವಿಡಿಯೋ ಹಿಡಿದ. ಮೂರು ಸಲ ದಿಬ್ಬ ಹತ್ತಿಸಿ, ಮೂರು ಸಲ ಇಳಿಸಿ, ನನ್ನ ಮೇಲೆ ಒಂದು ಕಾಲಿಟ್ಟು ನಿಂತು ಫೋಟೋ ತೆಗೆಸಿಕೊಂಡ. ಬೇಟೆಯಲ್ಲಿ ಸತ್ತ ಹುಲಿಯ ಮೇಲೆ ಕಾಲಿಟ್ಟವರ ಹಾಗೆ. ಆಮೇಲೆ ಶುರುವಾಯಿತು ಗೊಣಗಾಟ. ಗಾಡಿ ಎಣ್ಣೆ ಹೆಚ್ಚು ಕುಡಿಯುತ್ತದೆ, ಬ್ರೇಕು ಮೊದಲಿನ ಹಾಗೆ ಹಿಡಿಯುವುದಿಲ್ಲ, ಸದ್ದು ಬಹಳ. ಒಂದು ದಿನ ಅವನ ತಾಯಿ ಹಿಂದಿನ ಸೀಟಿನಿಂದ, "ಏನೋ ಇದು ವರ್ಧ್ಯಾ, ಹಿಟ್ಟಿನ ಗಿರಣ್ಯಾಗ ಕುಂತಂಗ ಆಗತೈತಿ," ಎಂದರು. ಮರುದಿನವೇ ನಮ್ಮನ್ನು ಬಿಚ್ಚಿಸಿದ. ಸದ್ದು ಮಾಡುವುದು ನನ್ನ ಹುಟ್ಟುಗುಣ ಮಾರಾಯ, ಗಟ್ಟಿಗಳ ನಡುವೆ ಗಾಳಿ ಸಿಕ್ಕಿಕೊಂಡರೆ ಸದ್ದಾಗದೆ ಭಜನೆ ಆಗುತ್ತದೆಯೇ?

ಹಳೆಯ ಟೈರು ಮಾರುವ ಅಂಗಡಿಯಲ್ಲಿ ನಾವು ಒಂದು ಚಳಿಗಾಲ ಕಳೆದೆವು. ಅಲ್ಲಿಗೆ ಬಂದವನು ಫಕೀರಪ್ಪ.

ಅವನದು ನವಲಗುಂದದ ಕಡೆ ಹೊಸಗಟ್ಟಿ ಎಂಬ ಸಣ್ಣ ಊರು. ಊರಿಂದ ಜನರನ್ನು ಜೀಪಿನಲ್ಲಿ ತುಂಬಿಕೊಂಡು ಹುಬ್ಬಳ್ಳಿಗೆ ಹೋಗಿ ಬರುವುದು ಅವನ ದಂಧೆ. ಊರಿಂದ ಹೆದ್ದಾರಿಯ ಕ್ರಾಸಿನವರೆಗೆ ಎರೆ ಮಣ್ಣಿನ ಹೊಲಗಳ ನಡುವಿನ ಕಚ್ಚಾ ದಾರಿ, ಆಮೇಲೆ ಡಾಂಬರು. ಅವನು ಕುಕ್ಕರಗಾಲಿನಲ್ಲಿ ಕುಳಿತು ನನ್ನ ಕಾಲುವೆಗಳಿಗೆ ಬೆರಳಿಟ್ಟು ಆಳ ನೋಡಿದ, ಪಕ್ಕೆ ಒತ್ತಿ ಬಿರುಕು ಹುಡುಕಿದ, ಅಳತೆ ತನ್ನ ಹಳೆಯ ಜೀಪಿಗೆ ಸರಿಯೇ ಎಂದು ಎರಡು ಸಲ ಕೇಳಿದ. ಬಿಳಿ ಅಕ್ಷರದ ಗೊಡವೆಗೆ ಹೋಗಲಿಲ್ಲ. ಅಬ್ಬಾ, ಇವನು ಮನುಷ್ಯ ಅಂದುಕೊಂಡೆ. ಅವನ ದಾರಿಗೆ ನಾವು ಹೇಳಿ ಮಾಡಿಸಿದ ಹಾಗಿದ್ದೆವು, ವರ್ಷದಲ್ಲಿ ಒಂಬತ್ತು ತಿಂಗಳು.

ಆದರೆ ಅಂಗಡಿಯವನ ಬಾಯಿ ಸುಮ್ಮನಿರಬೇಕಲ್ಲ! "ಆಲ್ ಟೆರೇನ್ ಅದಾವ್ರಿ. ಎಲ್ಲಾ ನೆಲಕ್ಕೂ ನಡೀತಾವ. ಹೆಸರ ಹಂಗೈತಿ," ಎಂದ.

ಜೀಪಿನಲ್ಲಿ ಫಕೀರಪ್ಪನ ಹೆಂಡತಿ ನೀಲವ್ವ ಕುಳಿತಿದ್ದಳು. ಆಕೆಯ ಮೂತ್ರಪಿಂಡ ಎರಡೂ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಹುಬ್ಬಳ್ಳಿಗೆ ಹೋಗಿ ಮಷಿನಿಗೆ ಮೈಯೊಡ್ಡಿ ರಕ್ತ ತೊಳೆಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎರಿಗೆ ನಡೀತಾವೇನ್ರಿ? ಕೇಳ್ರಿ ಅವರನ್ನ," ಎಂದಳು.

"ಎಲ್ಲಾ ನೆಲ ಅಂದಮ್ಯಾಲೆ ಎರಿ ಬಿಟ್ಟಿರತಾರೇನ?" ಎಂದು ಫಕೀರಪ್ಪ ನಕ್ಕ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಎರೆಯ ಮೇಲೆ ಹುಟ್ಟಿ ಬೆಳೆದವನು, ಎರೆ ನೆನೆದರೆ ಏನಾಗುತ್ತದೆ ಎಂದು ಅವನಿಗೆ ನಾನು ಹೇಳಬೇಕೇ? ಒಣಗಿದಾಗ ಕಾಲು ಹೋಗುವಷ್ಟು ಬಿರುಕು ಬಿಡುವ ಆ ಕಪ್ಪು ಮಣ್ಣು, ಚೆನ್ನಾಗಿ ನೆನೆದರೆ ಅಂಟು. ತುಳಿದವನ ಕಾಲಿಗೇ ಮೆತ್ತಿಕೊಂಡು ಹಿಂದೆ ಬರುತ್ತದೆ. ಅದಕ್ಕೇ ಆ ಸೀಮೆಯವರು ಮಳೆ ಬಿದ್ದ ಮೇಲೆ 'ಹದ' ಬರಲಿ ಅನ್ನುತ್ತಾರೆ. ಹದ ಬರುವವರೆಗೆ ಎತ್ತೂ ಇಳಿಯುವುದಿಲ್ಲ, ಟ್ರ್ಯಾಕ್ಟರೂ ಇಳಿಯುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದ ಗಂಡಸು ನಾಲ್ಕು ಇಂಗ್ಲಿಷ್ ಅಕ್ಷರ ನೋಡಿ ಮರೆತುಬಿಟ್ಟ.

ಬೇಸಿಗೆ ಪೂರ್ತಿ ನಾವು ದುಡಿದೆವು. ಕಲ್ಲು ಕಚ್ಚಿದೆವು, ಜೋಳದ ಕೂಳೆ ತುಳಿದೆವು, ಒಮ್ಮೆಯೂ ಪಂಕ್ಚರ್ ಆಗಲಿಲ್ಲ. ಊರವರು 'ಆಲ್ ಟೆರೇನ್' ಅನ್ನಲು ಬಾರದೆ 'ಆಲ್ ಟ್ರೇನ್' ಅನ್ನುತ್ತಿದ್ದರು. "ಏನ್ ಫಕೀರಪ್ಪ, ರೈಲಿನ ಗಾಲಿ ಹಾಕಿಸೀಯಂತ?" ಎಂದು ಕಾಡಿಸುತ್ತಿದ್ದರು. ಒಂದು ಸಂಜೆ ಅಡ್ಡಮಳೆ ಬಂತು, ಮೇಲುಮೇಲೆ ನೆಲ ತೋಯಿಸಿ ಹೋಯಿತು. ನಾವು ಸಲೀಸಾಗಿ ದಾಟಿದೆವು. ಅಷ್ಟೇ ಸಾಕಾಯಿತು. ಕ್ರಾಸಿನಲ್ಲಿ ನಿಂತು ಫಕೀರಪ್ಪ ನನ್ನನ್ನು ಕಾಲಿನಿಂದ ತಟ್ಟಿ, "ಎರಿಗೂ ಬಗ್ಗಂಗಿಲ್ಲ ಇವು," ಎಂದು ಜನಕ್ಕೆಲ್ಲ ಸಾರಿದ. ಮೇಲಿನ ತೇವ ಬೇರೆ, ಒಳಗಿನ ಹಸಿ ಬೇರೆ ಎಂದು ನಾನು ಎಷ್ಟು ಒರಲಿದರೂ ಯಾರಿಗೆ ಕೇಳಬೇಕು?

ನಾವು ಬರುವ ಮೊದಲು ಆ ಗಂಡಹೆಂಡಿರಿಗೆ ಒಂದು ರೂಢಿ ಇತ್ತಂತೆ. ಪಡುವಣದಲ್ಲಿ ಮೋಡ ಕಟ್ಟಿತೆಂದರೆ ನೀಲವ್ವ ನಾಲ್ಕು ರೊಟ್ಟಿ ಗಂಟು ಕಟ್ಟುತ್ತಿದ್ದಳು. ಮಳೆ ಬೀಳುವ ಮೊದಲೇ ಇಬ್ಬರೂ ಕ್ರಾಸಿಗೆ ಹೋಗಿ ಆಕೆಯ ತಂಗಿ ಗಿರಿಜವ್ವನ ಮನೆಯಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಅಲ್ಲಿಂದ ಡಾಂಬರಿನ ಮೇಲೆ ಹುಬ್ಬಳ್ಳಿ. ವರ್ಷಗಟ್ಟಲೆ ರಕ್ತ ತೊಳೆಸುವ ಒಂದು ಪಾಳಿಯೂ ತಪ್ಪಿರಲಿಲ್ಲ.

ಮುಂಗಾರಿನಲ್ಲಿ ಒಂದು ಮಧ್ಯಾಹ್ನ ಆ ಮೋಡ ಕಟ್ಟಿತು. ಮರುದಿನ ಬೆಳಿಗ್ಗೆ ನೀಲವ್ವನ ಪಾಳಿ. ಆಕೆ ಗಂಟು ಹಿಡಿದು ಜೀಪಿನ ಹತ್ತಿರ ಬಂದು ನಿಂತಳು.

"ಮಾಡ ಆಗೇತ್ರಿ. ಗಿರಿಜಾನ ಮನಿಗೆ ಹೋಗಿಬಿಡೂಣು."

"ಇನ್ನೂ ಅದಽ ಏನ? ಟೈರ್ ಹಾಕಿಸಿದ್ದು ಯಾಕ ಮತ್ತ? ಮುಂಜಾನೆ ಸುಮ್ಮನ ಹತ್ತಿ ಕುಂದರು."

"ನನಗ ಯಾಕೋ ಸಮಾಧಾನಿಲ್ರಿ. ಹೋಗೂಣು ನಡೀರಿ."

"ನಿನ್ನ ತಂಗಿ ಮನ್ಯಾಗ ಹೋಗಿ ಹೋಗಿ ಬೀಳಾಕ ನನಗೂ ನಾಚಿಕಿ ಬರತೈತಿ ನೀಲಾ. ಒಳಗ ನಡಿ."

ಆಕೆ ಗಂಟನ್ನು ತಿರುಗಿ ಒಳಗೆ ಒಯ್ದಳು. ನನ್ನ ತಂತಿಗಳೆಲ್ಲ ಸಿಟ್ಟಿನಿಂದ ಬಿಗಿದವು. ಹೋಗೋ ಮಾರಾಯ, ಈಗಲೇ ಹೋಗು, ಒಣ ದಾರಿ ಇದ್ದಾಗ ಹತ್ತು ಸಲ ದಾಟಿಸುತ್ತೇನೆ, ಬೆಳಿಗ್ಗೆ ನನ್ನಿಂದ ಆಗುವುದಿಲ್ಲ! ಬಾಯಿಲ್ಲದ ಜನ್ಮ. ಕತ್ತಲಾಗುತ್ತಲೇ ಮಳೆ ಹಿಡಿಯಿತು, ಬೆಳಗಾಗುವವರೆಗೆ ಬಿಡಲಿಲ್ಲ.

ಬೆಳಿಗ್ಗೆ ಊರ ಅಗಸಿ ಬಾಗಿಲು ದಾಟಿ ಸ್ವಲ್ಪ ದೂರಕ್ಕೇ ಮಣ್ಣು ನನ್ನ ಕಾಲುವೆಗಳನ್ನೆಲ್ಲ ತುಂಬಿತು. ಕಾಲುವೆ ತುಂಬಿದ ಮೇಲೆ ನಾನು ಯಾವ ಟೈರು? ಬರೀ ಬೋಳು ಗುಂಡು. ಮಣ್ಣು ಪದರದ ಮೇಲೆ ಪದರವಾಗಿ ಸುತ್ತಿಕೊಳ್ಳುತ್ತ ಮಡ್‌ಗಾರ್ಡಿನವರೆಗೆ ಗಟ್ಟಿಸಿ ತುರುಕಿಕೊಂಡಿತು. ಗಾಲಿ ತಿರುಗುವುದೇ ನಿಂತಿತು. ಫಕೀರಪ್ಪ ಎಕ್ಸಲರೇಟರ್ ಒತ್ತಿದಷ್ಟೂ ಜೀಪು ಅಡ್ಡಡ್ಡ ಜಾರಿ ಹೂತುಕೊಂಡಿತು. ಅವನು ಇಳಿದು ಹಾರೆ ತಂದು ಮಣ್ಣು ಮೀಟತೊಡಗಿದ. ಕಣ್ಣು ಹೆಂಡತಿಯ ಕಡೆಗಿತ್ತು. ಹಾರೆ ಜಾರಿ ನೆಟ್ಟಗೆ ನನ್ನ ಪಕ್ಕೆಗೆ ಇಳಿಯಿತು. ಪಕ್ಕೆ ಹರಿದ ಟೈರಿಗೆ ಮದ್ದಿಲ್ಲ. ನನ್ನ ಗಾಳಿಯೆಲ್ಲ ಒಂದೇ ಉಸಿರಿಗೆ ಹೋಯಿತು.

ಪಾಳಿಯ ಹೊತ್ತು ಮೀರಿತ್ತು, ನೀಲವ್ವನ ಉಸಿರು ಆಗಲೇ ಮೇಲುಮೇಲಾಗಿ ಬರುತ್ತಿತ್ತು. ಮುಖ ಉಬ್ಬಿತ್ತು. ಫಕೀರಪ್ಪ ಹಾರೆ ಎಸೆದು, ಚಪ್ಪಲಿ ಬಿಟ್ಟು, ಆಕೆಯನ್ನು ಬೆನ್ನ ಮೇಲೆ ಹೊತ್ತುಕೊಂಡ. ಹೊಲದ ಬದುವಿನ ಮೇಲೆ ಹುಲ್ಲು ಬೆಳೆದಿತ್ತು, ಹುಲ್ಲಿನ ಬೇರಿಗೆ ಅಲ್ಲಿ ಮಣ್ಣು ಗಟ್ಟಿಯಾಗಿತ್ತು. ಆ ಬದು ಹಿಡಿದು ಕ್ರಾಸಿನ ಕಡೆ ನಡೆದ. ಜಾರಿದ, ಮೊಣಕಾಲೂರಿದ, ಎದ್ದ. ನಾನು ಹೂತಲ್ಲಿಂದಲೇ ನೋಡಿದೆ. ಅವನ ಮೇಲೆ ಅಷ್ಟು ಸಿಟ್ಟಿದ್ದರೂ, ಬೀಳಬೇಡವೋ, ಬೀಳಬೇಡ ಎಂದು ಮನಸ್ಸಿನಲ್ಲೇ ಕೂಗಿದೆ.

ಅವರು ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟಿದರು, ಆದರೆ ಬಹಳ ತಡವಾಗಿ. ನೀಲವ್ವನನ್ನು ಐಸಿಯುಗೆ ಸೇರಿಸಬೇಕಾಯಿತು. ಬದುಕುತ್ತಾಳೋ ಇಲ್ಲವೋ ಎಂದು ಇಡೀ ಊರು ಬಾಯಿ ಬಾಯಿ ಬಿಟ್ಟಿತು. ಆಕೆ ಬದುಕಿದಳು. ಆದರೆ ಆಸ್ಪತ್ರೆಯಿಂದ ಹೊಸಗಟ್ಟಿಗೆ ಬರಲಿಲ್ಲ, ಕ್ರಾಸಿನಲ್ಲಿ ತಂಗಿಯ ಮನೆಯಲ್ಲಿ ಇಳಿದುಕೊಂಡಳು. "ಮಳಿಗಾಲ ಮುಗಿಯೂತನ ನಾ ಬರಂಗಿಲ್ಲ," ಎಂದಳಂತೆ. ಹದ ಬಂದ ಮೇಲೆ ಟ್ರ್ಯಾಕ್ಟರಿನಿಂದ ಜೀಪನ್ನು ಎಳೆದು ತಂದರು. ನನ್ನನ್ನು ಕ್ರಾಸಿನಲ್ಲೇ ಬಿಚ್ಚಿ, ಗಿರಿಜವ್ವನ ಮನೆಯ ಮುಂದೆ ಬೇವಿನ ಮರದ ಕೆಳಗೆ ಬಿಸಾಕಿದರು. ಬಂದವರು ಕೂರಲು ನಾನೀಗ ಮಣೆ.

ಕೂತವರೆಲ್ಲ ನನ್ನ ಮೇಲೆ ಕೂತೇ ನನಗೆ ಬೈದರು. "ಈ ಟೈರ್ ಕೈಕೊಟ್ಟವು ನೋಡ್ರಿ." "ಎಲ್ಲಾ ನೆಲ ಅಂತ ಬರದು ಮೋಸ ಮಾಡ್ಯಾರ." "ಇದರ ಬಾಯಾಗ ಮಣ್ಣ ಹಾಕಲಿ." ಹಾಕಿದ್ದು ಸಾಲದೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ನೆಲವನ್ನೂ ಬಿಟ್ಟು ಟೈರು ಡೊಂಕು ಅಂದರು. ಎಲ್ಲರಿಗಿಂತ ಜೋರಾಗಿ ಅಂದವನು ಫಕೀರಪ್ಪ. ಹೆಂಡತಿಯನ್ನು ನೋಡಲು ದಿನವೂ ಬರುತ್ತಿದ್ದ. ಯಾರು ಸಿಕ್ಕಿದರೂ ಅದೇ ಮಾತು, "ಇವನ್ನ ನಂಬಿ ಕೆಟ್ಟೆ."

ಒಂದು ದಿನ ನಾಲ್ಕು ಜನರ ಮುಂದೆ ಅದೇ ಮಾತು ಬಂತು. ಹೊಸ್ತಿಲಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದ ನೀಲವ್ವ ತಲೆ ಎತ್ತಿದಳು.

"ಅವು ಏನ್ ಮಾಡ್ಯಾವ್ರಿ? ಅವಕ್ಕ ಬಾಯಿಲ್ಲ. ಬಾಯಿದ್ದಾಕಿ ನಾ ಇದ್ದೆ. ಹೋಗೂಣು ನಡೀರಿ ಅಂತ ಎರಡ ಸಲ ಅಂದೆ. ನೀವು ಬಾಯಿಲ್ಲದ್ದನ್ನ ನಂಬಿದ್ರಿ, ನನ್ನ ನಂಬಲಿಲ್ಲ."

ನಾಲ್ಕೂ ಜನ ನೆಲ ನೋಡಿದರು. ಫಕೀರಪ್ಪ ಚಹಾ ಕುಡಿಯದೆ ಎದ್ದು ಹೋದ. ಹುಟ್ಟಿದಂದಿನಿಂದ ನಾನು ಒದರಬೇಕೆಂದಿದ್ದುದನ್ನು ಆ ಹೆಂಗಸು ಒಂದೇ ಉಸಿರಿಗೆ, ದನಿ ಏರಿಸದೆ ಹೇಳಿಬಿಟ್ಟಿದ್ದಳು. ನನಗೆ ಕೈಯಿದ್ದಿದ್ದರೆ ಅವಳಿಗೆ ಮುಗಿಯುತ್ತಿದ್ದೆ.

ನನಗೆ ವಯಸ್ಸಾಗಿದೆ. ಬಿಸಿಲಿಗೆ ರಬ್ಬರು ಬಿರಿಯುತ್ತಿದೆ. ಟೈರಿನ ಗುಣ ಪಕ್ಕೆಯ ಅಕ್ಷರ ಓದಿ ತಿಳಿಯುವುದಲ್ಲ, ಅದು ತುಳಿಯುವ ನೆಲವನ್ನೂ ಆ ನೆಲದಲ್ಲಿ ಓಡಾಡುವವರನ್ನೂ ಕೇಳಿ ತಿಳಿಯುವುದು. ಕೇಳುವವರು ಕಡಿಮೆ. ಅದಕ್ಕೇ ನನಗಿನ್ನೂ ಸಿಟ್ಟು.

ಮೊನ್ನೆ ಮತ್ತೆ ಪಡುವಣ ಕಪ್ಪಾಯಿತು. ಫಕೀರಪ್ಪ ಜೀಪಿನಲ್ಲಿ ಬಂದು ಅಂಗಳದಲ್ಲೇ ನಿಂತ. ಬಹಳ ಹೊತ್ತು ಪಂಚೆಯ ತುದಿ ತಿರುಚಿದ.

"ನೀಲಾ, ಮಾಡ ಆಗೇತಿ. ಏನ್ ಮಾಡೂಣು? ನೀ ಹೇಳು."

ನೀಲವ್ವ ಆಕಾಶ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಉತ್ತರಕ್ಕೆ ಅವನನ್ನು ಸಾಕಷ್ಟು ಕಾಯಿಸಿದಳು, ಅದು ನನಗೆ ಬಹಳ ಹಿಡಿಸಿತು.

"ಊರಿಗೆ ಹೊಳ್ಳಿ ಹೋಗಬ್ಯಾಡ್ರಿ," ಎಂದಳು. "ಜೀಪ್ ಇಲ್ಲೇ ನಿಲ್ಲಿಸ್ರಿ. ರೊಟ್ಟಿ ಮಾಡೇನಿ, ಒಳಗ ಬರ್ರಿ."