ಮಾರಮ್ಮನ ಗುಡಿಯ ಬೆತ್ತ

ಬೆಳಿಗ್ಗೆಯಿಂದಲೇ ಮೋಡ ಕವಿದು, ಒಂದು ಹನಿಯೂ ಉದುರದೆ, ಗಾಳಿಯೂ ಆಡದೆ ಹೇರೋಹಳ್ಳಿ ಬೆವರುತ್ತಿತ್ತು. ಸಮುದಾಯ ಭವನದಲ್ಲಿ ಜಯದೇವಿ ಮೈಕಿನ ಮುಂದೆ ನಿಂತಿದ್ದರು. ಕಾಲೇಜಿನಲ್ಲಿ ರಾಜಕೀಯ ಚಿಂತನೆ ಕಲಿಸುವವರು. ಊರಿನ ನ್ಯಾಯ ಪದ್ಧತಿಯ ಮೇಲೆ ಮಾಡಿದ ಅಧ್ಯಯನವನ್ನು ಮೊದಲು ಊರಿಗೇ ಒಪ್ಪಿಸಬೇಕೆಂದು ಬಂದಿದ್ದರು. ಪಕ್ಕದ ಮೇಜಿನ ಮೇಲೆ, ಅರಿಶಿನದ ಬಟ್ಟೆಯ ಮೇಲೆ, ಮಾರಮ್ಮನ ಗುಡಿಯ ಬೆತ್ತವಿತ್ತು. ಹಿಂದೆ ಗುಡಿಯ ಜಗಲಿಯಲ್ಲಿ ನ್ಯಾಯ ಸೇರಿದಾಗ ಅದನ್ನು ಹಿಡಿದವರು ಮಾತಾಡಬೇಕಿತ್ತು. ಮುಗಿಸುವವರೆಗೆ ಉಳಿದವರು ಕೇಳಬೇಕಿತ್ತು. ಅದನ್ನು ತಂದಿಟ್ಟವರು ಪೂಜಾರಿ ಮುನಿರಾಮಯ್ಯ. ಹೆಂಗಸರು ಮುಟ್ಟುವಂತಿಲ್ಲವಾದ್ದರಿಂದ ಜಯದೇವಿ ಬರಿಗೈಯಲ್ಲೇ ಮಾತಾಡುತ್ತಿದ್ದರು.

"ಈ ಜಗಲೀನ ಊರಿನ ಪಾರ್ಲಿಮೆಂಟ್ ಅಂತ ಪುಸ್ತಕದಾಗ ಬರೀತೀವಿ. ಖರೇ ಅದ. ಆದ್ರ ನಾ ಕೇಳಿದ ಒಬ್ಬ ಅಜ್ಜಿ ಕೈಗೂ ಈ ಬೆತ್ತ ಬಂದಿಲ್ಲ. ಹೊಡಸ್ಕೊಂಡಾಕಿ ಪರವಾಗಿ ಹೊಡೆದವನೇ ಮಾತಾಡ್ಯಾನ. ಅಂದಮ್ಯಾಲೆ..."

ಹಿಂದಿನ ಸಾಲಿನಿಂದ ಮುನಿರಾಮಯ್ಯನವರ ಮೊಮ್ಮಗ ಮುತ್ತುರಾಜ ಎದ್ದ.

"ಸಾಕ್ ನಿಲ್ಸಿ ಮೇಡಂ. ಎಲ್ಲಿಂದಲೋ ಬಂದು ನಮ್ಮಮ್ಮನ ಗುಡಿಗೆ ಮಸಿ ಬಳೀತೀರ?"

"ಮೈಕ್ ಕಿತ್ಕೊ ಮಗಾ," ಎಂದು ಅವನ ಗೆಳೆಯನೊಬ್ಬ ನಕ್ಕ.

"ಮೈಕ್ ಯಾಕ್ಲಾ?" ಎಂದರು ಮುನಿರಾಮಯ್ಯ. "ಮಾತಾಡೋದಿದ್ರೆ ಕ್ರಮವಾಗಿ ಬಾ."

"ಅಜ್ಜಾರ, ನಂದಿನ್ನೂ ಮುಗಿದಿಲ್ರಿ."

"ಹುಡುಗ ಒಂದ್ ಮಾತು ಹೇಳ್ಲಿ ತಾಯಿ. ಬೆತ್ತ ಹಿಡಿದ ಮೇಲೆ ಯಾರೂ ಅಡ್ಡದಾರಿ ಹಿಡಿಯಲ್ಲ."

ಬೆತ್ತವನ್ನು ಕಣ್ಣಿಗೊತ್ತಿಕೊಂಡು ಎರಡೂ ಕೈಯಲ್ಲಿ ಮೊಮ್ಮಗನಿಗೆ ಕೊಟ್ಟರು. ಅವನ ಕೈಗೆ ಅದು ಮೊದಲ ಸಲ ಹೋಗುತ್ತಿತ್ತು. ಮುದುಕನ ಮುಖ ಅರಳಿತ್ತು.

ಮೊದಲ ಏಟು ಜಯದೇವಿಯ ಬಲ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದದ್ದು ಮೈಕಿನಲ್ಲಿ ಕೇಳಿಸಿತು. ಎರಡನೆಯದಕ್ಕೆ ಹುಬ್ಬು ಸೀಳಿ ಕಣ್ಣಿನೊಳಗೆ ರಕ್ತ ಇಳಿಯಿತು. ಗೆಳೆಯರು ಎತ್ತಿ ಎಸೆದ ಕುರ್ಚಿಗೆ ಕಿಟಕಿಯ ಗಾಜು ಪುಡಿಯಾಯಿತು. ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡು ಗೋಡೆಗೆ ಒತ್ತಿಕೊಂಡರು. ಮುನಿರಾಮಯ್ಯ ನಡುವೆ ಬಂದು ನಿಂತರು. ಮುಂದಿನ ಏಟು ಅವರ ಹೆಗಲಿಗೆ ಬಿದ್ದು ಬೆತ್ತ ಉದ್ದಕ್ಕೆ ಸೀಳಿತು.

"ಮಾತಾಡ್ಲಾ," ಎಂದರು. ದನಿ ಏರಿರಲಿಲ್ಲ. "ಬೆತ್ತ ಕೊಟ್ಟಿವ್ನಿ. ಮಾತಾಡು."

ಮುತ್ತುರಾಜ ಬೆತ್ತ ಬಿಸಾಕಿ ಹೊರಗೋಡಿದ. ಗೆಳೆಯರೂ ಹಿಂದೆಯೇ ಓಡಿದರು.

ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಜಯದೇವಿ ವೇದಿಕೆಯ ಮೆಟ್ಟಿಲ ಮೇಲೆ, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮುನಿರಾಮಯ್ಯ ಬೆತ್ತವನ್ನು ಹೆಗಲ ವಸ್ತ್ರದಿಂದ ಒರೆಸಿದರು. ಸೀಳಿನೊಳಗೆ ಇಳಿದ ರಕ್ತ ಹೋಗಲಿಲ್ಲ. ಇನ್ನು ಬಟ್ಟೆಯಲ್ಲಿ ಸುತ್ತಿ ಗುಡಿಗೆ ಒಯ್ಯುತ್ತಾರೆ ಎಂದು ಎಲ್ಲರೂ ದಾರಿ ಬಿಟ್ಟರು. ಅವರು ಮೆಟ್ಟಿಲ ಬಳಿಗೆ ಬಂದು, ಬಾಗಿ, ಎರಡೂ ಕೈಯಲ್ಲಿ ಬೆತ್ತ ಚಾಚಿದರು.

"ನಿಮ್ದಿನ್ನೂ ಮುಗಿದಿರ್ಲಿಲ್ಲ ತಾಯಿ."

ಜಯದೇವಿ ಎಡಗೈ ನೀಡಿದರು. ಮುನಿರಾಮಯ್ಯ ಗಾಜಿನ ಚೂರುಗಳನ್ನು ಅಂಗೈಯಿಂದ ಅತ್ತ ಸರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು.